ಹಿಡಿಯೊಳಗೆ ಅಡಗಿರುವ ಉಕ್ಕು

2023ರ ಮೇ 23ರಂದು ಲಂಡನ್ನಿನ ಬಾನಮ್ಸ್ ಹರಾಜು ಸಂಸ್ಥೆಯಲ್ಲಿ ಟಿಪ್ಪು ಸುಲ್ತಾನನ ಶಯನಾಗಾರದ ಖಡ್ಗ 1.40 ಕೋಟಿ ಪೌಂಡ್‌ಗೆ ಮಾರಾಟವಾಯಿತು. ಸಂಸ್ಥೆಯೇ ಮೊದಲು ಹಾಕಿದ್ದ ಅಂದಾಜು 15ರಿಂದ 20 ಲಕ್ಷ ಪೌಂಡ್ ಮಾತ್ರ. ಕೊಂಡವರು ಉಕ್ಕಿಗೂ ಹಿಡಿಯ ಮೇಲಿನ ಚಿನ್ನದ ಕುಸುರಿಗೂ ಅಷ್ಟು ಹಣ ಸುರಿದರು ಎಂದರೆ ಅರ್ಧ ಸತ್ಯ. ಅವರು ಬೆಲೆ ಕಟ್ಟಿದ್ದು ಆ ಖಡ್ಗ ಕೈಯಿಂದ ಕೈಗೆ ಬಂದ ದಾರಿಗೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ ಇದೇ ಊರಿನಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿ ಕಳೆದಿದ್ದವನು. ಗೆದ್ದ ಸೇನೆ ಅವನ ಧೈರ್ಯ ಮೆಚ್ಚಿ ಈ ಕತ್ತಿಯನ್ನು ಕಾಣಿಕೆಯಾಗಿ ಕೊಟ್ಟಿತು. ಯಾರು, ಯಾರಿಗೆ, ಯಾಕೆ ಕೊಟ್ಟರು ಎಂಬುದಕ್ಕೆ ಬರಹದ ಆಧಾರವಿತ್ತು.

ಆ ಆಧಾರವನ್ನು ತೆಗೆದುಬಿಡಿ, ಉಳಿಯುವುದು ಒಂದು ಒಳ್ಳೆಯ ಹಳೆಯ ಕತ್ತಿ. ಹಳೆ ಸಾಮಾನಿನ ಅಂಗಡಿಗಳಲ್ಲಿ ‘ಟಿಪ್ಪು ಕಾಲದ್ದು ಸಾರ್’ ಎಂಬ ಮಾತು ಪುಕ್ಕಟೆ ಸಿಗುತ್ತದೆ. ಅವನ ಆಯುಧಗಳ ಮೇಲೆ ಬಬ್ರಿ ಎಂಬ ಹುಲಿಪಟ್ಟೆಯ ಗುರುತು ಇರುತ್ತದೆ ಎಂಬುದು ಈಗ ಕೊಳ್ಳುವವರಿಗೆ ಗೊತ್ತಿದೆ. ಹೊಸದಾಗಿ ಕೆತ್ತುವವರಿಗೂ ಗೊತ್ತಿದೆ. ಆದ್ದರಿಂದ ಹೊರಗೆ ಕಾಣುವ ಗುರುತು, ಕೇಳಿಸುವ ಕಥೆ ಎರಡನ್ನೂ ಸ್ವಲ್ಪ ಬದಿಗಿಟ್ಟು, ಮಾರುವವರು ಏನನ್ನು ತೋರಿಸಲು ಒಪ್ಪುತ್ತಾರೆ, ಏನನ್ನು ಬರೆದುಕೊಡಲು ಒಪ್ಪುತ್ತಾರೆ ಎಂಬುದರ ಮೇಲೆ ಕಣ್ಣಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತೋರಿಸಲು ಹಿಂಜರಿಯುವ ಜಾಗ ಸಾಮಾನ್ಯವಾಗಿ ಹಿಡಿಯ ಒಳಗಿರುತ್ತದೆ. ಉತ್ತರ ಭಾರತದ ತಲವಾರನ್ನೇ ತೆಗೆದುಕೊಳ್ಳಿ. ಅದರ ಹಿಡಿ ಪೂರ್ತಿ ಲೋಹದ್ದು, ಒಳಗೆ ಟೊಳ್ಳು. ಅಲಗಿನ ಹಿಂದಿನ ಗಿಡ್ಡ ಬಾಲವನ್ನು ಆ ಟೊಳ್ಳಿಗೆ ತೂರಿಸಿ, ಕಾಯಿಸಿದ ಅರಗಿನಂಥ ಅಂಟು ತುಂಬಿ ಕೂರಿಸುತ್ತಿದ್ದರು. ಬಿಸಿ ತಾಗಿಸಿದರೆ ಅಂಟು ಸಡಿಲವಾಗಿ ಅಲಗು ಕಳಚಿ ಬರುತ್ತದೆ. ಯುದ್ಧದಲ್ಲಿ ಅಲಗು ಮುರಿದರೆ ಬೇಗ ಬದಲಿಸಲು ಇದು ಅನುಕೂಲ; 18ನೇ ಶತಮಾನದ ಹಿಡಿಗೆ ಹೋದ ವರ್ಷದ ಅಲಗು ಜೋಡಿಸುವವರಿಗೂ ಅಷ್ಟೇ ಅನುಕೂಲ. ಹಿಡಿಯಿಂದ ಕೆಳಗಿಳಿದ ಎರಡು ನಾಲಗೆಗಳು ಅಲಗಿನ ಬುಡವನ್ನು ಬಿಗಿಯಾಗಿ ಕಚ್ಚಿವೆಯೇ ನೋಡಿ. ಸಂದಿಯಲ್ಲಿ ಇಣುಕುವ ಅಂಟು ಒಣಗಿ ಕಪ್ಪಗಿದೆಯೇ, ಹೊಸದಾಗಿ ಮಿನುಗುತ್ತಿದೆಯೇ ನೋಡಿ. ಹಾಗೆಂದು ಹಿಡಿ, ಅಲಗು ಬೇರೆ ಬೇರೆ ಕಾಲದ್ದಾದ ಕೂಡಲೇ ಮೋಸ ಎಂದು ತೀರ್ಮಾನಿಸಬೇಕಿಲ್ಲ. ಎರಡು ಮೂರು ತಲೆಮಾರು ಬಳಸಿದ ಕತ್ತಿಗೆ ಹಿಡಿ ಬದಲಾಗಿರುವುದು ಸಹಜ. ಅದನ್ನು ಕೇಳುವ ಮೊದಲೇ ಹೇಳುವ ವ್ಯಾಪಾರಿ ನಂಬಿಕೆಗೆ ಅರ್ಹ.

ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಪರವಾನಗಿ ತೋರಿಸಿ ಎಂದರೆ ಮುಖ ಗಂಟಿಕ್ಕುವ ಅಂಗಡಿಯಲ್ಲಿ ಮುಂದಿನ ಮಾತು ಬೇಡ.

ಜಪಾನಿನ ಕಾಗದಗಳು

ಕತ್ತಿಯ ವಂಶಾವಳಿಯನ್ನು ಕಾಗದಕ್ಕೆ ಇಳಿಸುವುದರಲ್ಲಿ ಜಪಾನಿಗೆ ಸಾಟಿಯಿಲ್ಲ. ಅಲ್ಲಿ ಹೊನಾಮಿ ಎಂಬ ಮನೆತನದವರು ಶೋಗುನರ ಕಾಲದಲ್ಲೇ ಕತ್ತಿಗಳನ್ನು ಪರೀಕ್ಷಿಸಿ, ಇದು ಇಂಥ ಕಮ್ಮಾರನದು, ಬೆಲೆ ಇಷ್ಟು ಎಂದು ಬರೆದುಕೊಡುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಗೆದ್ದ ಸೇನೆಗಳು ಲೆಕ್ಕವಿಲ್ಲದಷ್ಟು ಕತ್ತಿಗಳನ್ನು ವಶಪಡಿಸಿಕೊಂಡಾಗ ಉಳಿದವನ್ನಾದರೂ ಕಾಪಾಡಬೇಕೆಂದು 1948ರಲ್ಲಿ ಕಲಾಖಡ್ಗ ಸಂರಕ್ಷಣಾ ಸಂಘ ಹುಟ್ಟಿತು. ಇಂದು ಜಗತ್ತಿನ ಸಂಗ್ರಾಹಕರು ಮೊದಲು ಕೇಳುವುದು ಈ ಸಂಘದ ಪತ್ರವನ್ನು. ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೊ, ತೊಕುಬೆತ್ಸು ಜೂಯೊ ಎಂದು ಅದರಲ್ಲಿ ನಾಲ್ಕು ದರ್ಜೆಗಳಿವೆ. 1982ಕ್ಕಿಂತ ಹಿಂದಿನ ಪದ್ಧತಿಯ ಹಸಿರು ಪತ್ರಗಳನ್ನು ಅನುಭವಿಗಳು ಅಷ್ಟಾಗಿ ನೆಚ್ಚುವುದಿಲ್ಲ. ಮತ್ತೆ ಪರೀಕ್ಷೆಗೆ ಕಳಿಸಿ ಎನ್ನುತ್ತಾರೆ.

ಹೊಸಬರು ಎಡವುವುದು ಇನ್ನೊಂದು ಕಾಗದದ ವಿಷಯದಲ್ಲಿ. ಜಪಾನಿನೊಳಗಿರುವ ಪ್ರತಿ ಕತ್ತಿಗೂ ಸ್ಥಳೀಯ ಶಿಕ್ಷಣ ಮಂಡಳಿ ಕೊಟ್ಟ ನೋಂದಣಿ ಚೀಟಿ ಇರಬೇಕು. ಅಲಗಿನ ಉದ್ದ, ಬಾಗು, ಹಿಡಿಯ ಮೊಳೆಗಾಗಿ ಕೊರೆದ ರಂಧ್ರಗಳ ಸಂಖ್ಯೆ, ಸಹಿ ಇದ್ದರೆ ಸಹಿ, ಇಷ್ಟು ಅದರಲ್ಲಿ ಬರೆದಿರುತ್ತದೆ. ಸಹಿ ಇದೆ ಎಂದು ಚೀಟಿ ಹೇಳುತ್ತದೆಯೇ ಹೊರತು ಆ ಸಹಿ ನಿಜ ಎಂದು ಹೇಳುವುದಿಲ್ಲ. ಇದನ್ನೇ ಅಸಲಿತನದ ಪತ್ರವೆಂದು ತೋರಿಸಿ ಮಾರುವವರಿದ್ದಾರೆ. ಚೀಟಿಯಲ್ಲಿ ಒಂದು ರಂಧ್ರ, ಕತ್ತಿಯಲ್ಲಿ ಎರಡು ಇದ್ದರೆ ಆ ಚೀಟಿ ಬೇರೆ ಕತ್ತಿಯದು ಎಂಬ ಅನುಮಾನ ಸಹಜವಾಗಿ ಬರಬೇಕು. ದೇಶದಿಂದ ಹೊರಗೆ ಕಳಿಸುವಾಗ ಈ ಚೀಟಿ ಸರ್ಕಾರಕ್ಕೆ ವಾಪಸಾಗುತ್ತದೆ, ಸಾಂಸ್ಕೃತಿಕ ವ್ಯವಹಾರಗಳ ಇಲಾಖೆಯ ಅನುಮತಿ ಪಡೆಯಬೇಕಾಗುತ್ತದೆ. ಹೆಸರುವಾಸಿ ವ್ಯಾಪಾರಿಗಳು ಈ ಕೆಲಸವನ್ನೆಲ್ಲ ತಾವೇ ಮಾಡಿಕೊಡುತ್ತಾರೆ. ವಾರಗಟ್ಟಲೆ ಕಾಯಬೇಕಾದೀತು ಎಂದು ಮೊದಲೇ ಹೇಳುತ್ತಾರೆ. ನಾಳೆಯೇ ಕಳಿಸುತ್ತೇನೆ ಎನ್ನುವವರ ಬಳಿ ಎಚ್ಚರ ಬೇಕು.

ಕತ್ತಿಯ ಚರಿತ್ರೆ ಇರುವುದು ನಕಾಗೊ ಎಂಬ ಬಾಲದಲ್ಲಿ. ಬಿದಿರಿನ ಪುಟ್ಟ ಮೊಳೆಯೊಂದನ್ನು ಹೊರಗೆ ತಳ್ಳಿದರೆ ಹಿಡಿ ಪೂರ್ತಿ ಕಳಚುತ್ತದೆ. ಅಲಗು ಹೊಳೆಯುತ್ತಿದ್ದರೂ ಬಾಲ ಮಾತ್ರ ತುಕ್ಕು ಹಿಡಿದು ಕಂದುಗಪ್ಪಾಗಿರುತ್ತದೆ. ಆ ತುಕ್ಕನ್ನು ಯಾರೂ ಉಜ್ಜುವುದಿಲ್ಲ, ಉಜ್ಜಲೂಬಾರದು. ತುಕ್ಕಿನ ಬಣ್ಣ ಮತ್ತು ಆಳ ಕತ್ತಿಯ ವಯಸ್ಸಿಗೆ ಸಾಕ್ಷಿ. ಅದರಡಿಯ ಅರದ ಗೀರುಗಳು ಯಾವ ಕೋನದಲ್ಲಿವೆ ಎಂಬುದರಿಂದ ಕಮ್ಮಾರನ ಪಂಥ ತಿಳಿಯುತ್ತದೆ. ಅಜ್ಜನ ಕತ್ತಿ ಚೆನ್ನಾಗಿ ಕಾಣಲಿ ಎಂದು ಯಾರೋ ಮರಳು ಕಾಗದ ಹಿಡಿದು ಬಾಲ ತಿಕ್ಕಿದ ಒಂದು ಗಂಟೆಯಲ್ಲಿ ನಾಲ್ಕು ಶತಮಾನದ ದಾಖಲೆ ಅಳಿಸಿಹೋಗುತ್ತದೆ. ಸುಳ್ಳು ಸಹಿಗಳೂ ಇಲ್ಲೇ ಸಿಕ್ಕಿಬೀಳುತ್ತವೆ: ಹಳೆಯ ತುಕ್ಕಿನ ಮೇಲೆ ಹೊಸ ಉಳಿಯ ಗೆರೆ ಹರಿದಿದ್ದರೆ ಗೆರೆಯ ಅಂಚು ಚೂಪಾಗಿ, ಒಳಗು ಬೆಳ್ಳಗೆ ಕಾಣುತ್ತದೆ. 17ನೇ ಶತಮಾನದ ಎದೊ ನಗರದ ಕೊತೆತ್ಸು ಎಂಬ ಮಹಾಕಮ್ಮಾರನ ಹೆಸರನ್ನು ನಕಲು ಮಾಡಿದಷ್ಟು ಇನ್ನೊಬ್ಬರದನ್ನು ಮಾಡಿರುವುದು ಅಪರೂಪ. ಇನ್ನೊಬ್ಬ ಹೆಸರಾಂತ ಕಮ್ಮಾರ ಮಸಮುನೆಯಂತೂ ಸಹಿ ಹಾಕುತ್ತಿದ್ದುದೇ ವಿರಳ, ಅವನ ಸಹಿ ಕಂಡರೆ ಇನ್ನೂ ಹೆಚ್ಚು ಯೋಚಿಸಬೇಕು.

ಹಳೆಯದರ ಗೊಡವೆ ಬೇಡ ಎನ್ನುವವರಿಗೆ ಇಂದಿನ ಜಪಾನೀ ಕಮ್ಮಾರರಿದ್ದಾರೆ. ಗುರುವಿನ ಬಳಿ ಕನಿಷ್ಠ ಐದು ವರ್ಷ ದುಡಿದು ಪರೀಕ್ಷೆ ಪಾಸಾದವರಿಗೆ ಮಾತ್ರ ಸರ್ಕಾರದ ಪರವಾನಗಿ. ಎರಡು ಶಕು, ಅಂದರೆ ಸುಮಾರು 60 ಸೆಂಟಿಮೀಟರ್ ದಾಟಿದ ಕತ್ತಿಗಳನ್ನು ತಿಂಗಳಿಗೆ ಎರಡಕ್ಕಿಂತ ಹೆಚ್ಚು ಮಾಡುವಂತಿಲ್ಲ. ಶಿಮಾನೆ ಪ್ರಾಂತ್ಯದ ಒಕುಇಜುಮೊದಲ್ಲಿ ಸಂಘವೇ 1977ರಲ್ಲಿ ಮತ್ತೆ ಹೊತ್ತಿಸಿದ ತತಾರಾ ಕುಲುಮೆಯಿಂದ ಅವರಿಗೆ ಉಕ್ಕು ಬರುತ್ತದೆ. ಸಾಣೆ ಹಿಡಿಯುವವರು, ಒರೆ ಮಾಡುವವರು ಬೇರೆ ಬೇರೆ ಕುಶಲಿಗಳು. ಇಷ್ಟು ಗೊತ್ತಿದ್ದರೆ ‘ಅಸಲಿ ಜಪಾನೀ ಕತಾನ’ ಎಂದು ಕೆಲವೇ ಸಾವಿರ ರೂಪಾಯಿಗೆ ಬರುವುದು ಏನೆಂದು ಪ್ರತ್ಯೇಕ ವಿವರಣೆ ಬೇಕಾಗದು.

ನಮ್ಮ ಮಣ್ಣಿನ ಉಕ್ಕು, ಮಾರುಕಟ್ಟೆಯ ಡಮಾಸ್ಕಸ್

ಕನ್ನಡಿಗರಿಗೆ ಹತ್ತಿರದ ಇನ್ನೊಂದು ವಿಷಯವಿದೆ. ಈಗ ಅಂತರ್ಜಾಲದ ಅಂಗಡಿಗಳಲ್ಲಿ ಎತ್ತ ನೋಡಿದರೂ ‘ಡಮಾಸ್ಕಸ್’ ಚಾಕುಗಳು. ಚರಿತ್ರೆಯ ಡಮಾಸ್ಕಸ್ ಅಲಗುಗಳ ಉಕ್ಕಿನ ದೊಡ್ಡ ಪಾಲು ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿದ್ದು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅಂಥ ಮೂಸೆಗಳ ಅವಶೇಷಗಳು ಸಿಕ್ಕಿವೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನರಾಯನದುರ್ಗದ ಕಡೆಯ ಉಕ್ಕು ತಯಾರಿಕೆಯನ್ನು ಕಣ್ಣಾರೆ ಕಂಡು ಬರೆದಿಟ್ಟ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಉಕ್ಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಪುಸ್ತಕ ಬರೆದಿದ್ದಾರೆ.

ಈ ಉಕ್ಕಿನಲ್ಲಿ ಇಂಗಾಲ ಶೇ 1.5ರ ಆಸುಪಾಸು. ನಿಧಾನವಾಗಿ ತಣಿದ ಗಟ್ಟಿಯನ್ನು ಹದವಾದ ಕಾವಿನಲ್ಲಿ ಬಡಿದಾಗ ಕಾರ್ಬೈಡ್ ಕಣಗಳು ಸಾಲುಗಟ್ಟಿ, ಆಮ್ಲ ಸವರಿದರೆ ನೀರಿನ ಅಲೆಯಂಥ ವಿನ್ಯಾಸ ಮೂಡುತ್ತದೆ. ಇಂದು ಡಮಾಸ್ಕಸ್ ಎಂದು ಮಾರಾಟವಾಗುವುದು ಹೆಚ್ಚಾಗಿ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದದ್ದು. ಅದೂ ಒಳ್ಳೆಯ ಕಸುಬೇ, ಹಾಗೆಂದು ಹೇಳಿ ಮಾರಿದರೆ ತಕರಾರಿಲ್ಲ. ಮೂರನೆಯ ಬಗೆಯದು ಮಾತ್ರ ಶುದ್ಧ ಮೋಸ: ಸಾದಾ ತಗಡಿನ ಮೇಲೆ ಯಂತ್ರದಿಂದ ಅಚ್ಚೊತ್ತಿದ ಗೆರೆಗಳು. ನೇಯ್ದ ಸೆರಗಿಗೂ ಅಚ್ಚು ಹಾಕಿದ ಸೆರಗಿಗೂ ಇರುವಷ್ಟೇ ಅಂತರ. ಚಾಕುವಿನ ಬೆನ್ನು ನೋಡಿ. ಪದರದ ಗೆರೆ ಅಲ್ಲೂ ಹತ್ತಿ ಆಚೆ ಇಳಿದಿರಬೇಕು. ಕಾಣದ ಜಾಗದಲ್ಲಿ ಸಣ್ಣ ಮರಳು ಕಾಗದದಿಂದ ಉಜ್ಜಿ ಮತ್ತೆ ಆಮ್ಲ ಸವರಿದರೆ ಬೆಸೆದ ಗೆರೆ ಮರಳಿ ಬರುತ್ತದೆ, ಅಚ್ಚಿನದು ಬರುವುದಿಲ್ಲ. ಯಾವ ಎರಡು ಉಕ್ಕು ಬೆಸೆದಿದ್ದೀರಿ ಎಂದು ಕೇಳಿದರೆ ನಿಜವಾದ ತಯಾರಕರು ತಕ್ಷಣ ಹೆಸರು ಹೇಳುತ್ತಾರೆ.

ಗೋಡೆಗೆ ತೂಗುಹಾಕಲು ಮಾಡಿದ ಸ್ಟೇನ್‌ಲೆಸ್ ಕತ್ತಿಯನ್ನು ಬೀಸಬೇಡಿ ಎಂಬುದನ್ನು ಒತ್ತಿ ಹೇಳಬೇಕು. ಅದರ ಬಾಲ ಎಷ್ಟೋ ಸಲ ಅಲಗಿಗೆ ಬೆಸೆದ ಒಂದು ಸಣ್ಣ ಸಲಾಕೆ ಅಷ್ಟೇ. ನಾಟಕದವರೋ ಸಮರಕಲೆಯ ಮಕ್ಕಳೋ ಬೀಸಿದಾಗ ಅಲಗು ಹಿಡಿಯಿಂದ ಕಿತ್ತು ಎದುರಿನವರ ಮೈಮೇಲೆ ಹಾರುತ್ತದೆ. ಬಳಸುವ ಕತ್ತಿಗೆ ಇಂಗಾಲದ ಉಕ್ಕು, ಹಿಡಿಯ ತುದಿಯವರೆಗೆ ಹೋಗುವ ಅಗಲದ ಬಾಲ ಇರಲೇಬೇಕು. ಬಾಲದ ಫೋಟೊ ಕೇಳಿ. 1943ರಲ್ಲಿ ಆರಂಭವಾದ ಡೆಹ್ರಾಡೂನಿನ ವಿಂಡ್ಲಾಸ್‌ನಂಥ ಹಳೆಯ ತಯಾರಕರು ಹಲವು ದೇಶಗಳ ಸೇನೆಗೆ ಕತ್ತಿ ಮಾಡಿಕೊಟ್ಟವರು. ಅಲಂಕಾರದ ಕತ್ತಿ ಯಾವುದು, ಬಳಕೆಯದು ಯಾವುದು ಎಂಬ ಗೆರೆಯನ್ನು ಇಂಥವರಲ್ಲಿ ಕೇಳಿ ತಿಳಿಯಬಹುದು.

ಅಡುಗೆಮನೆಯ ಚಾಕುವಿಗೂ ಊರಿನ ಹೆಸರೇ ಭರವಸೆ ಎನ್ನುವಂತಿಲ್ಲ. ಜರ್ಮನಿಯ ಸೋಲಿಂಗೆನ್ ಎಂಬ ಹೆಸರಿಗೆ 1938ರಿಂದ ಕಾನೂನಿನ ರಕ್ಷಣೆಯಿದೆ, ಮುಖ್ಯ ಕೆಲಸವೆಲ್ಲ ಅದೇ ಪ್ರದೇಶದಲ್ಲಿ ನಡೆದಿರಬೇಕು. ಫ್ರಾನ್ಸಿನ ಲಾಗಿಯೋಲ್‌ಗೆ ಆ ಅದೃಷ್ಟ ಇರಲಿಲ್ಲ. 1993ರಲ್ಲಿ ಹೊರಗಿನ ಉದ್ಯಮಿಯೊಬ್ಬರು ಊರಿನ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಂಡರು. ರೊಚ್ಚಿಗೆದ್ದ ಊರವರು 2012ರಲ್ಲಿ ತಮ್ಮ ಊರಿನ ನಾಮಫಲಕವನ್ನೇ ಕಿತ್ತು ಪ್ರತಿಭಟಿಸಿದರು. ಹಿಡಿಯ ಮೇಲೆ ಈ ಚಾಕುಗಳ ವಾಡಿಕೆಯ ಜೇನುನೊಣದ ಗುರುತಿದ್ದರೆ ಸಾಲದು, ಅಲಗಿನ ಮೇಲೆ ತಯಾರಕರ ಹೆಸರಿರಬೇಕು.

ಇನ್ನು ಕಾನೂನು. 2016ರ ಆಯುಧ ನಿಯಮಗಳ ಪ್ರಕಾರ ಕತ್ತಿ, ಕಠಾರಿಗಳ ಜೊತೆಗೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು ಆಯುಧದ ಪಟ್ಟಿಯಲ್ಲಿವೆ. ಮನೆ, ಕೃಷಿ, ಉದ್ಯಮದ ಬಳಕೆಗೆಂದು ಮಾಡಿದವು ಅದರಿಂದ ಹೊರಗೆ. ಹಾಗಾಗಿ ಮಚ್ಚು, ಈಳಿಗೆ ಮಣೆಗಳಿಗೆ ತೊಂದರೆಯಿಲ್ಲ. ಇಟ್ಟುಕೊಳ್ಳಲು ಪರವಾನಗಿ ಬೇಕೇ ಎಂಬುದು ಆಯಾ ಪ್ರದೇಶಕ್ಕೆ ಹೊರಡಿಸಿದ ಅಧಿಸೂಚನೆಯನ್ನು ಅವಲಂಬಿಸಿದೆ, ವಿದೇಶದಿಂದ ತರಿಸಲು ಪರವಾನಗಿ ಬೇಕು. ಪಾರ್ಸೆಲ್ ಬುಕ್ ಮಾಡುವ ಮುನ್ನ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಬಿಡಿ.

ಕೊಡಗಿನಲ್ಲಿ ಈ ಎಲ್ಲ ಪ್ರಶ್ನೆಗಳೂ ಒಂದೇ ವಸ್ತುವಿನಲ್ಲಿ ಕೂಡುತ್ತವೆ. ಕುಪ್ಯಚೇಲೆ ಎಂಬ ಸಾಂಪ್ರದಾಯಿಕ ಉಡುಪಿನ ಮೇಲೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಒರೆಗೆ ಬೆಳ್ಳಿಯ ಕಟ್ಟು, ಅದರಿಂದ ಇಳಿಬಿದ್ದ ಸರಪಳಿಯಲ್ಲಿ ಚಿಮಟ, ಕಿವಿಗುಗ್ಗೆ ಕಡ್ಡಿಯಂಥ ಪುಟ್ಟ ಸಲಕರಣೆಗಳು. ಹಳೆಯ ಕೆಲವಕ್ಕೆ ಆನೆದಂತದ ಹಿಡಿ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಆದ 1986 ಮತ್ತು 1991ರ ತಿದ್ದುಪಡಿಗಳ ಬಳಿಕ ದಂತದ ವ್ಯಾಪಾರ ಪೂರ್ತಿ ನಿಷಿದ್ಧ. ‘ಹಳೇದು, ಏನೂ ಆಗಲ್ಲ’ ಎಂಬ ಮಾತು ನಂಬಿ ಕೊಂಡರೆ ಕೊಟ್ಟವರಷ್ಟೇ ಕೊಂಡವರೂ ಸಿಕ್ಕಿಬೀಳುತ್ತಾರೆ. ಹೊಸದು ಮಾಡಿಸುವುದೇ ಸರಿ. ಬೆಳ್ಳಿಯ ತೂಕ ಮತ್ತು ಶುದ್ಧತೆ, ಅಲಗಿನ ಉಕ್ಕು ಯಾವುದು, ಹಿಡಿ ಯಾವ ಮರ ಅಥವಾ ಕೊಂಬಿನದು ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ಒಡಿಕತ್ತಿಯಾದರೆ ಮದುವೆಯಲ್ಲಿ ಬಾಳೆದಿಂಡು ಕಡಿಯಲು ಕೈಗೆತ್ತಿಕೊಳ್ಳುವಂಥದ್ದು, ಷೋಕಿಯ ತಗಡು ಸಲ್ಲದು.

ಲಾರಿಯ ಹಳೆ ಪಟ್ಟಿಯಿಂದ ಮಚ್ಚು ಬಡಿಯುವ ನಮ್ಮೂರ ಕುಲುಮೆಗಳಲ್ಲಿ ರಸೀದಿ ಸಿಗುವುದಿಲ್ಲ, ಆದರೆ ಬಾಯಿ ಮುಕ್ಕಾದರೆ ವಾಪಸು ತಂದುಕೊಡಿ, ಮತ್ತೆ ಹದ ಹಾಕುತ್ತೇನೆ ಎಂಬ ಮಾತು ಸಿಗುತ್ತದೆ. ಅದೇ ಊರಿನಲ್ಲಿ ಬದುಕಬೇಕಾದ ಕಮ್ಮಾರರು ಆ ಮಾತು ಉಳಿಸಿಕೊಳ್ಳುತ್ತಾರೆ. ಮಾಡಿಸುವುದಿದ್ದರೆ ಆಯುಧಪೂಜೆಯ ಹಿಂದಿನ ವಾರ ಹೋಗಬೇಡಿ. ಆಗ ಊರಿನ ಕುಡುಗೋಲು, ಗುದ್ದಲಿಗಳೆಲ್ಲ ಅವರ ಮುಂದೆ ರಾಶಿ ಬಿದ್ದಿರುತ್ತವೆ, ನಿಮ್ಮ ಅಲಗಿನ ಹದಕ್ಕೆ ಬೇಕಾದ ಹೊತ್ತು ಅವರ ಬಳಿ ಇರುವುದಿಲ್ಲ.