ಹುಳು ಒಳಗೆ, ಔಷಧಿ ಹೊರಗೆ

ಮಾವಿನ ಹಣ್ಣಿನಲ್ಲಿ ಹುಳು ಕಂಡರೆ ಔಷಧಿ ಸಾಲಲಿಲ್ಲ ಎಂಬ ತೀರ್ಮಾನ ನಮ್ಮ ತೋಟಗಳಲ್ಲಿ ಬೇರೂರಿದೆ. ಮುಂದಿನ ಸಲ ಇನ್ನೊಂದು ಸುತ್ತು ಹೊಡೆಯುತ್ತಾರೆ, ಇಲ್ಲವೇ ಇನ್ನೂ ಕಡುವಾದದ್ದನ್ನು ತರುತ್ತಾರೆ. ಈ ಹುಳುವಿಗೆ ಜನ್ಮ ಕೊಡುವ ಊಜಿ ನೊಣದ ಬದುಕು ನೋಡಿದರೆ ಕೊರತೆ ಇರುವುದು ಪ್ರಮಾಣದಲ್ಲಲ್ಲ, ಔಷಧಿ ಬೀಳುವ ಜಾಗದಲ್ಲಿ. ಹೆಣ್ಣು ನೊಣ ಬಲಿಯುತ್ತಿರುವ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹುಳು ತಿರುಳು ತಿಂದು ಬೆಳೆದು, ಉದುರಿದ ಹಣ್ಣಿನಿಂದ ಮಣ್ಣಿಗಿಳಿದು ಕೋಶವಾಗುತ್ತದೆ. ಹೀಗೆ ಮೊಟ್ಟೆ, ಹುಳು, ಕೋಶ ಮೂರೂ ಸಿಂಪಡಣೆಯಿಂದ ಮರೆಯಾಗಿರುತ್ತವೆ. ಸಿಗುವುದು ಹಾರುವ ನೊಣ ಮಾತ್ರ, ಅದೂ ಕೊಯ್ಲು ಹತ್ತಿರವಾದ ದಿನಗಳಲ್ಲಿ. ಒಳಕ್ಕೆ ಇಳಿಯುವ ಕೀಟನಾಶಕಗಳೂ ಇವೆಯಲ್ಲ ಎನ್ನಬಹುದು. ಇವೆ, ಆದರೆ ತಿರುಳಿಗೆ ಇಳಿದದ್ದನ್ನು ತಿನ್ನುವವರು ತೊಳೆದು ತೆಗೆಯಲಾರರು. ಜೊತೆಗೆ, ಮಾವಿನ ಹೂವಿಗೆ ಪರಾಗಸ್ಪರ್ಶ ಮಾಡುವವರಲ್ಲಿ ಸಾಧಾರಣ ನೊಣಗಳದೇ ದೊಡ್ಡ ಪಾಲು. ಹೂ ಬಿಟ್ಟಾಗ ಯೋಚಿಸದೆ ಹೊಡೆದ ಔಷಧಿ ಈ ಕೂಲಿ ಕೇಳದ ಆಳುಗಳನ್ನೂ ಕೊಲ್ಲುತ್ತದೆ.

ಸಿಂಪಡಣೆಯ ಬದಲು ನೊಣವನ್ನು ಸೆಳೆದು ಕೊಲ್ಲುವ ಮೋಹಕ ಬಲೆಯ ವಿಷಯದಲ್ಲಿ ನಂಬಿಕೆ ಎರಡು ತುದಿಗಳಲ್ಲಿದೆ: ಕೆಲವರಿಗೆ ಅದು ಆಟಿಕೆ, ಕೆಲವರಿಗೆ ಬಲೆಯ ತುಂಬ ಸತ್ತ ನೊಣ ಕಂಡರೆ ಕೆಲಸ ಮುಗಿಯಿತು. ಬಲೆಯೊಳಗಿನ ಮರದ ತುಂಡಿಗೆ ಕುಡಿಸುವ ಮೀಥೈಲ್ ಯುಜೆನಾಲ್ ತುಳಸಿಯಲ್ಲೂ ಇರುವ ವಸ್ತು, ಗಂಡು ನೊಣಗಳಿಗೆ ಅದರ ಸೆಳೆತ ವಿಪರೀತ. ಆದರೆ ಸೆಳೆತ ಗಂಡಿಗಷ್ಟೇ, ಕಾಯಿ ಚುಚ್ಚುವುದು ಹೆಣ್ಣು. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು, ಆದ್ದರಿಂದ ಅರ್ಧದಷ್ಟು ಗಂಡು ಸತ್ತರೂ ಸಂತತಿ ಕುಗ್ಗುವುದಿಲ್ಲ. ಬಹುಪಾಲು ಗಂಡುಗಳೇ ಇಲ್ಲವಾಗಬೇಕು. ಹಾಗೆ ಆಗಬಲ್ಲದು ಎಂಬುದಕ್ಕೆ 1960ರ ದಶಕದ ಪುರಾವೆ ಇದೆ: ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ ಇದೇ ಆಕರ್ಷಕವನ್ನೂ ಕೀಟನಾಶಕವನ್ನೂ ಕುಡಿಸಿದ ಹಲಗೆ ಚೂರುಗಳನ್ನು ವಿಮಾನದಿಂದ ಉದುರಿಸಿ ಈ ನೊಣವನ್ನು ನಿರ್ಮೂಲ ಮಾಡಿದರು. ದ್ವೀಪಕ್ಕೆ ಸುತ್ತಲೂ ಸಮುದ್ರ, ನಮ್ಮ ಶ್ರೀನಿವಾಸಪುರದ ಮಾವಿನ ತೋಟಕ್ಕೆ ಸುತ್ತಲೂ ಪಕ್ಕದವರ ತೋಟ. ನಾವು ಒಬ್ಬರೇ ಬಲೆ ಕಟ್ಟಿದರೆ ಆಚೆಯಲ್ಲಿ ಕೂಡಿದ ಹೆಣ್ಣು ನಮ್ಮ ಮರಕ್ಕೆ ಬರುತ್ತದೆ. ಬಲೆ ಸೋತಿತು ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ ಎಂಬುದು ನನ್ನ ಅನಿಸಿಕೆ.

ಬಲೆಯಲ್ಲೂ ಮಲಾಥಿಯಾನ್ ಎಂಬ ಕೀಟನಾಶಕ ಇದೆ, ಅಂದಮೇಲೆ ವ್ಯತ್ಯಾಸವೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದನ್ನು ವಿಷಮುಕ್ತ ಎಂದು ಮಾರುವುದು ಸುಳ್ಳು. ಆದರೆ ಅಲ್ಲಿನ ವಿಷ ಡಬ್ಬಿಯೊಳಗಿನ ತುಂಡಿನಲ್ಲಿ ಉಳಿಯುತ್ತದೆ, ಎಲೆಗಾಗಲಿ ಹಣ್ಣಿಗಾಗಲಿ ತಾಗುವುದಿಲ್ಲ. ಬಲೆ ಮುಟ್ಟದ ಹೆಣ್ಣನ್ನು ಹಿಡಿಯಲು ಅದರ ಹಸಿವು ನೆರವಾಗುತ್ತದೆ: ಮೊಟ್ಟೆ ಬಲಿಯಲು ಅದಕ್ಕೆ ಪ್ರೋಟೀನ್ ಬೇಕು. ಆದ್ದರಿಂದ ಪ್ರೋಟೀನ್ ಬೆರೆಸಿದ ವಿಷದ ಆಮಿಷವನ್ನು ಇಡೀ ಮರಕ್ಕಲ್ಲದೆ ಅಲ್ಲಲ್ಲಿ ಚಿಮುಕಿಸಿದರೆ ಸಾಕು. ಇನ್ನು ಉದುರಿದ ಹಣ್ಣು. ಅದನ್ನು ಆಯ್ದು ಆಳವಾಗಿ ಹೂಳದೆ ಬುಡದಲ್ಲೇ ಬಿಟ್ಟರೆ ಮುಂದಿನ ತಲೆಮಾರನ್ನು ನಾವೇ ಸಾಕಿದಂತೆ. ಆಳಿನ ಖರ್ಚು ಹೆಚ್ಚೆಂಬ ಮಾತು ನಿಜ, ಆದರೆ ಇಡೀ ಕ್ರಮದಲ್ಲಿ ಬಿಡಲಾಗದ ಖರ್ಚು ಅದೊಂದೇ. ಇಷ್ಟಾದರೂ ಕೆಲವು ಹಣ್ಣಿನಲ್ಲಿ ಹುಳು ಉಳಿಯಬಹುದು. 2014ರಲ್ಲಿ ಯುರೋಪಿಯನ್ ಒಕ್ಕೂಟ ಭಾರತದ ಮಾವನ್ನು ತಡೆದದ್ದು ಇದಕ್ಕಾಗಿಯೇ. ಅಂಥ ಹಣ್ಣಿಗೂ ಔಷಧಿ ಬೇಡ: 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ ಮುಳುಗಿಸಿಟ್ಟರೆ ಒಳಗಿನ ಮೊಟ್ಟೆಯೂ ಹುಳುವೂ ಸಾಯುತ್ತವೆ.