ಚಿತ್ರ ನೋಡಿದವರ ಹೊಣೆ

ಒಬ್ಬರ ಕೃತಿಯನ್ನು ಕುರಿತು ಮಾತನಾಡುವುದು ಸುಲಭ. ಆ ಮಾತಿನಿಂದ ಕೃತಿಕಾರನಿಗೆ ಉಪಕಾರವಾಗುವಂತೆ ಮಾಡುವುದು ಕಷ್ಟ. ನಮ್ಮ ಪೂರ್ವದ ಲಾಕ್ಷಣಿಕರು ಈ ಕಷ್ಟವನ್ನು ಬಲ್ಲವರಾಗಿದ್ದರು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಮೊದಲನೆಯ ಪರಿಚ್ಛೇದವೇ ದೋಷ ಯಾವುದು, ಅದೋಷ ಯಾವುದು ಎಂಬ ನಿರ್ಣಯಕ್ಕೆ ಮೀಸಲಾಗಿದೆ. ಅಲ್ಲಿ ದೋಷಗಳಿಗೆ ಹೆಸರುಗಳಿವೆ, ಉದಾಹರಣೆಗಳಿವೆ. ಹೆಸರಿಲ್ಲದ ದೋಷವನ್ನು ಯಾರೂ ತಿದ್ದಿಕೊಳ್ಳಲಾರರು ಎಂಬ ವಿವೇಕ ಅದರ ಹಿಂದಿದೆ.

ಇಂದು ಈ ವಿವೇಕ ಕಾವ್ಯಕ್ಕಿಂತಲೂ ಛಾಯಾಚಿತ್ರಕ್ಕೆ ಹೆಚ್ಚು ಬೇಕಾಗಿದೆ. ಮನೆಮನೆಯಲ್ಲಿಯೂ ಮಕ್ಕಳ ಕೈಯಲ್ಲಿ ಕ್ಯಾಮೆರಾ ಇದೆ. ಮೊಬೈಲಿನಲ್ಲಂತೂ ಇದ್ದೇ ಇದೆ. ಪ್ರವಾಸದಿಂದ ಬಂದ ಮಗನೋ ಮಗಳೋ ಬೆಟ್ಟದ, ಹೊಳೆಯ, ಹೊಲದ ಚಿತ್ರವನ್ನು ಹಿರಿಯರ ಮುಂದೆ ಹಿಡಿದಾಗ ನಾವು ಹೇಳುವುದೇನು? “ಚೆನ್ನಾಗಿದೆ” ಎಂದು ಮರಳಿ ಕೊಡುತ್ತೇವೆ. ಇಲ್ಲವೆ “ಸರಿಯಾಗಿ ಬಂದಿಲ್ಲ” ಎನ್ನುತ್ತೇವೆ. ಮೊದಲನೆಯದು ಹೊಗಳಿಕೆಯಂತೆಯೂ ಎರಡನೆಯದು ತೆಗಳಿಕೆಯಂತೆಯೂ ತೋರುವುದಾದರೂ ಎರಡರಿಂದಲೂ ಮಗುವಿಗೆ ತಿಳಿಯುವುದು ಏನೂ ಇಲ್ಲ.

ನಮ್ಮ ಪರಿಚಯದ ಮನೆತನದ ವಿದ್ಯಾರ್ಥಿನಿಯೊಬ್ಬಳು ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಭೂತನಾಥ ದೇವಾಲಯದ ಚಿತ್ರ ತೆಗೆದಿದ್ದಳು. ತಂದೆ ಒಂದು ವರ್ಷದ ಹತ್ತಿ ಮಾರಿ ಕೊಡಿಸಿದ ಕ್ಯಾಮೆರಾ ಅದು. ಚಿತ್ರವನ್ನು ಕಂಡ ಬಂಧುವೊಬ್ಬರು “ಬಹಳ ಚೆಂದ” ಎಂದರು. ಕಲೆಯನ್ನು ಬಲ್ಲವರೆನಿಸಿದ ಇನ್ನೊಬ್ಬರು “ಇದರಲ್ಲಿ ಏನಿದೆ?” ಎಂದು ಬದಿಗಿಟ್ಟರು. ಹುಡುಗಿ ಕ್ಯಾಮೆರಾವನ್ನು ಪೆಟ್ಟಿಗೆಗೆ ಸೇರಿಸಿದಳು. ಅದನ್ನು ಮಾರಿಬಿಡಿರೆಂದು ತಂದೆಗೂ ಹೇಳಿದಳು. ಕೆಲವು ದಿನಗಳ ಮೇಲೆ ಆ ಚಿತ್ರ, ಬಹುಕಾಲ ಸ್ಟುಡಿಯೊ ನಡೆಸಿದ ವೃದ್ಧರೊಬ್ಬರ ಕೈಸೇರಿತು. ಅವರು ಎರಡು ನಿಮಿಷ ಸುಮ್ಮನೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಅವ್ವಾ, ಇದರೊಳಗ ನೀ ಏನು ತೋರಿಸಬೇಕಂತ ಮಾಡಿದ್ದಿ?” ಹುಡುಗಿ ಹೇಳಿದಳು: “ಅಜ್ಜಾರ, ನೀರಾಗ ಗುಡಿ ಮೂಡಿದ್ದು ತೋರಿಸಬೇಕಂತಿದ್ದೆ.”

ವಿಮರ್ಶೆ ಆರಂಭವಾಗಬೇಕಾದುದು ಇಲ್ಲಿಂದಲೇ. ತೆಗೆದವರ ಉದ್ದೇಶವನ್ನು ತಿಳಿಯದೆ ದೋಷವನ್ನು ಹೇಳುವುದು, ಪ್ರಯಾಣಿಕನ ಊರನ್ನು ಕೇಳದೆ ದಾರಿ ತಪ್ಪಿದ್ದೀಯೆ ಎಂದಂತೆ. ಉದ್ದೇಶ ತಿಳಿದ ಮೇಲೆ ಆ ವೃದ್ಧರು ಚಿತ್ರವನ್ನು ಮೂರು ಬಗೆಯಾಗಿ ವಿಂಗಡಿಸಿ ತೋರಿಸಿದರು.

ಮೊದಲನೆಯದು ಸಂಯೋಜನೆ. ಚಿತ್ರದ ಅರ್ಧಭಾಗವನ್ನು ಬಿಳಿಚಿದ ಆಕಾಶ ಆವರಿಸಿತ್ತು. ಹುಡುಗಿ ತೋರಬಯಸಿದ ಪ್ರತಿಬಿಂಬದ ತುದಿಯನ್ನು ಎದುರಿನ ಮೆಟ್ಟಿಲುಗಳು ಮುಚ್ಚಿದ್ದವು. ನಾಲ್ಕು ಮೆಟ್ಟಿಲಿಳಿದು ನೀರಿನ ಅಂಚಿಗೆ ಬಂದು, ಆಕಾಶವನ್ನು ಕಡಿಮೆ ಮಾಡಿದ್ದರೆ ಸಾಕಾಗಿತ್ತು. ಚೌಕಟ್ಟನ್ನು ಮೂರು ಪಾಲು ಮಾಡಿ ಮುಖ್ಯ ವಸ್ತುವನ್ನು ಆ ಗೆರೆಗಳ ಮೇಲಿಡಬೇಕೆಂಬ ‘ಮೂರನೆಯ ಒಂದಂಶದ ನಿಯಮ’ವನ್ನು ಇಂಥಲ್ಲಿ ಹಲವರು ಕಣ್ಣುಮುಚ್ಚಿ ಪ್ರಯೋಗಿಸುತ್ತಾರೆ. ಈ ಹೆಸರನ್ನು 1797ರಲ್ಲಿಯೇ ಆಂಗ್ಲ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ ತನ್ನ ಗ್ರಂಥದಲ್ಲಿ ಬಳಸಿದ್ದನು; ಛಾಯಾಚಿತ್ರಣ ಜಗತ್ತಿಗೆ ಪ್ರಕಟವಾದುದು 1839ರಲ್ಲಿ. ಆದುದರಿಂದ ಅದು ಕ್ಯಾಮೆರಾದ ಶಾಸನವಲ್ಲ, ಒಂದು ಸಲಹೆ ಮಾತ್ರ. ಗುಡಿಗೂ ಅದರ ಬಿಂಬಕ್ಕೂ ಸಮಾನ ಗೌರವ ಸಲ್ಲಬೇಕಾದಾಗ ದಂಡೆಯ ರೇಖೆ ನಟ್ಟನಡುವೆ ಬರುವುದು ದೋಷವಲ್ಲ, ಗುಣವೇ.

ಎರಡನೆಯದು ಫೋಕಸ್. ಚಿತ್ರದಲ್ಲಿ ಹತ್ತಿರದ ಕಲ್ಲು ಸ್ಪಷ್ಟವಾಗಿತ್ತು, ಗುಡಿ ಮಸುಕಾಗಿತ್ತು. “ಚಿತ್ರ ಮಸುಕು” ಎಂದಷ್ಟೇ ಹೇಳಿದರೆ ಸಾಲದು. ಕಾರಣವನ್ನು ಬೇರ್ಪಡಿಸಿ ಹೇಳಬೇಕು. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕದಡಿದ್ದರೆ ಕೈ ಅಲುಗಿದೆ ಎಂದರ್ಥ. ಅದಕ್ಕೆ ಟ್ರೈಪಾಡ್ ಅಥವಾ ಹೆಚ್ಚಿನ ಷಟರ್ ವೇಗ ಮದ್ದು. ಒಂದು ಭಾಗ ಸ್ಪಷ್ಟವಾಗಿ ಇನ್ನೊಂದು ಮಸುಕಾಗಿದ್ದರೆ ಫೋಕಸ್ ತಪ್ಪಾದ ಸ್ಥಳದಲ್ಲಿ ನಿಂತಿದೆ. ಪೂರ್ಣ ಅಳತೆಯ ಕ್ಯಾಮೆರಾದಲ್ಲಿ 24 ಮಿಲಿಮೀಟರ್ ಲೆನ್ಸಿಗೆ ಅಪರ್ಚರನ್ನು ಎಫ್ 8ಕ್ಕೆ ಇಟ್ಟು ಸುಮಾರು ಎರಡೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಒಂದೂಕಾಲು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಹೀಗೆ ಅಳತೆ ಹಿಡಿದು ಹೇಳಿದ ಮಾತು ಮರುದಿನವೇ ಕೈಗೆ ಒದಗುತ್ತದೆ.

ಮೂರನೆಯದು ತೆಗೆದ ಮೇಲಿನ ತಿದ್ದುಪಡಿ. ಹುಡುಗಿ ಬಾದಾಮಿಯ ಮರಳುಗಲ್ಲಿನ ಕೆಂಪನ್ನು ಹೆಚ್ಚಿಸಿ ಹೆಚ್ಚಿಸಿ, ಬಂಡೆಗಳಿಗೆ ಕುಂಕುಮ ಬಳಿದಂತೆ ಮಾಡಿದ್ದಳು. ತಿದ್ದುವುದೇ ಅಪರಾಧವೆನ್ನುವ ಹಿರಿಯರೂ ಉಂಟು. ನಾವು ಅದನ್ನು ಒಪ್ಪುವುದಿಲ್ಲ. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲಿನ ಚಂದ್ರೋದಯವನ್ನು ಒಂದೇ ನೆಗೆಟಿವಿನಲ್ಲಿ ಹಿಡಿದರು. ಅದರಿಂದ ದಶಕಗಳ ಕಾಲ ಪ್ರತಿಗಳನ್ನು ಮುದ್ರಿಸುತ್ತ ಆಕಾಶವನ್ನು ಹೆಚ್ಚು ಹೆಚ್ಚು ಕಪ್ಪಾಗಿಸುತ್ತ ಹೋದರು. ಆ ತಿದ್ದುಪಡಿ ಕಂಡದ್ದರ ಭಾವವನ್ನು ಗಾಢಗೊಳಿಸಿತು. ಇದಕ್ಕೆ ವ್ಯತಿರಿಕ್ತವಾಗಿ, ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯು 1982ರ ಫೆಬ್ರುವರಿ ಸಂಚಿಕೆಯ ಮುಖಪುಟಕ್ಕೆ ಹೊಂದಿಸಲೆಂದು ಗೀಜಾದ ಪಿರಮಿಡ್ಡುಗಳನ್ನು ಒಂದಕ್ಕೊಂದು ಸಮೀಪ ಸರಿಸಿ ಅಚ್ಚುಮಾಡಿ ಟೀಕೆಗೆ ಗುರಿಯಾಯಿತು. ಬೆಳಕನ್ನು ಹದಗೊಳಿಸುವುದು ಬೇರೆ, ನೆಲವನ್ನು ಬದಲಿಸುವುದು ಬೇರೆ. ಈ ಅಂತರವನ್ನು ಮಕ್ಕಳಿಗೆ ಎಳವೆಯಲ್ಲಿಯೇ ತಿಳಿಸಿಕೊಡುವುದು ಹಿರಿಯರ ಹೊಣೆ.

ಇನ್ನೊಂದು ಮಾತನ್ನೂ ಆ ವೃದ್ಧರು ಸೇರಿಸಿದರು. ಓರೆಯಾದ ದಿಗಂತವನ್ನು ನೆಟ್ಟಗೆ ಮಾಡುವುದು, ಅಂಚಿನಲ್ಲಿ ಸೇರಿಕೊಂಡ ಬೇಡದ ವಸ್ತುವನ್ನು ಕತ್ತರಿಸುವುದು ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸ. ಆದರೆ ಮಸುಕಾದ ಗುಡಿ, ಪೂರ್ತಿ ಬಿಳಿಯಾಗಿ ಹೋದ ಆಕಾಶ, ಸಲ್ಲದ ಹೊತ್ತಿನ ಬೆಳಕು ಇವುಗಳಿಗೆ ಮನೆಯಲ್ಲಿ ಮದ್ದಿಲ್ಲ. ಮತ್ತೆ ಅಲ್ಲಿಗೇ ಹೋಗಬೇಕು. ಚಿತ್ರ ತೆಗೆದುದು ನಡುಹಗಲಿನಲ್ಲಿ. ಕೆರೆಯ ಪೂರ್ವದ ಅಂಚಿನಲ್ಲಿರುವ ಆ ದೇವಾಲಯದ ಮುಖವಿರುವುದು ಪಶ್ಚಿಮಕ್ಕೆ. ಸಂಜೆಯ ಬಿಸಿಲು ಕೆರೆಯನ್ನು ದಾಟಿ ನೇರವಾಗಿ ಅದರ ಮೇಲೆ ಬೀಳುತ್ತದೆ; ಗಾಳಿ ಅಡಗಿದರೆ ನೀರು ಕನ್ನಡಿಯಾಗುತ್ತದೆ.

ಕೊನೆಯಲ್ಲಿ ಅವರು ಹೇಳಿದ್ದು: “ನೀರಾಗಿನ ಗುಡಿ ನಿನ್ನ ಕಣ್ಣಿಗೆ ಬಿತ್ತಲ್ಲ, ಅದು ದೊಡ್ಡದು. ಸಂಜೀಮುಂದ ಹೋಗು.” ಹೊಗಳಿಕೆ ಇತ್ತು, ಆದರೆ ಅದು ಚಿತ್ರದಲ್ಲಿ ನಿಜವಾಗಿ ಇದ್ದ ಗುಣಕ್ಕೆ ಸಂದ ಹೊಗಳಿಕೆ. ಹುಡುಗಿ ಪೆಟ್ಟಿಗೆಯಿಂದ ಕ್ಯಾಮೆರಾ ತೆಗೆದಳು. ಮುಂದಿನ ಭಾನುವಾರವೇ ತಂದೆಯೊಡನೆ ಬಾದಾಮಿಯ ಬಸ್ಸು ಹತ್ತಿದಳು.

ಮಕ್ಕಳು ಚಿತ್ರ ತೋರಿಸುವಾಗ ಅದರೊಡನೆ ತಮ್ಮ ಕಣ್ಣನ್ನೂ ನಮ್ಮ ಮುಂದೆ ಇಡುತ್ತಾರೆ. ವಾಚಕ ಬಂಧುಗಳು ಇನ್ನು ಮುಂದೆ ಅಂಥ ಚಿತ್ರವನ್ನು ಕೂಡಲೇ ಮರಳಿ ಕೊಡದಿರಲಿ. ಎರಡು ನಿಮಿಷ ನೋಡಲಿ, ಉದ್ದೇಶವನ್ನು ಕೇಳಲಿ, ಇರುವ ಗುಣವನ್ನು ಹೆಸರಿಡಿದು ಹೇಳಲಿ. ಬಳಿಕ ದೋಷವನ್ನೂ ಹಾಗೆಯೇ ಹೆಸರಿಸಿ, ಅದನ್ನು ಮನೆಯಲ್ಲಿ ತಿದ್ದಬಹುದೋ ಮತ್ತೊಮ್ಮೆ ಹೋಗಿ ತಿದ್ದಬೇಕೋ ಎಂಬುದನ್ನು ತಿಳಿಸಲಿ. ಕ್ಯಾಮೆರಾದ ವಿದ್ಯೆ ನಮಗೆ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, “ನೀನು ಏನನ್ನು ತೋರಿಸಬೇಕೆಂದಿದ್ದೆ?” ಎಂದು ಕೇಳಲು ಯಾವ ವಿದ್ಯೆಯೂ ಬೇಕಿಲ್ಲ.