ವೇಗ ಹೆಚ್ಚದು, ಕಾಯುವುದು ತಪ್ಪುತ್ತದೆ

ಹಳೆಯ ಡಿಎಸ್‌ಎಲ್ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿಯಂಥ ಮುಕ್ತ ಫರ್ಮ್‌ವೇರ್ ಹಾಕಿದರೆ ಇಂಟರ್ನೆಟ್ ಚುರುಕಾಗುತ್ತದೆ ಎಂಬ ಮಾತು ಕಂಪ್ಯೂಟರ್ ಬಲ್ಲವರ ನಡುವೆ ಬಹಳ ಕಾಲದಿಂದ ಓಡಾಡುತ್ತಿದೆ. ಅದನ್ನು ನಂಬಿ ಹಾಕಿದವರು ಮೊದಲು ಮಾಡುವ ಕೆಲಸ ಸ್ಪೀಡ್ ಟೆಸ್ಟ್. ಅಂಕಿ ಇದ್ದಲ್ಲೇ ಇರುತ್ತದೆ, ಕೆಲವೊಮ್ಮೆ ತುಸು ಇಳಿದೂ ಇರುತ್ತದೆ. ಅಲ್ಲಿಗೆ ‘ಇದೆಲ್ಲ ಬುರುಡೆ’ ಎಂಬ ತೀರ್ಮಾನ. ನಂಬಿದವರೂ ಬುರುಡೆ ಎಂದವರೂ ಎಡವಿದ್ದು ಒಂದೇ ಕಡೆ: ಇಬ್ಬರೂ ಇಂಟರ್ನೆಟ್ಟಿನ ಗುಣವನ್ನು ಒಂದೇ ಅಂಕಿಯಿಂದ ಅಳೆದರು. ಒಳ್ಳೆಯ ಫರ್ಮ್‌ವೇರ್ ತಂತಿಯ ವೇಗವನ್ನು ಹೆಚ್ಚಿಸುವುದಿಲ್ಲ. ತಂತಿ ತುಂಬಿರುವಾಗ ಪ್ರತಿ ಪ್ಯಾಕೆಟ್ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಅದು ಬದಲಿಸುತ್ತದೆ. ಮನೆಯಲ್ಲಿ ‘ನೆಟ್ ಸ್ಲೋ’ ಎಂದು ಯಾರಾದರೂ ಕೂಗುವುದು ಹೆಚ್ಚಾಗಿ ಈ ಎರಡನೆಯ ಕಾರಣಕ್ಕೇ.

ಮೊದಲು ತಂತಿಯ ಲೆಕ್ಕ. ಭಾರತದಲ್ಲಿ ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಶುರು ಮಾಡಿದ್ದು ಅದೇ ಹಳೆಯ ಟೆಲಿಫೋನ್ ತಾಮ್ರದ ಜೋಡಿ ತಂತಿಯ ಮೇಲೆ. ಎಡಿಎಸ್‌ಎಲ್2+ ತಂತ್ರಜ್ಞಾನ ಈ ತಂತಿಯಲ್ಲಿ 2.2 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು 512 ಸಣ್ಣ ಪಟ್ಟಿಗಳಾಗಿ ಸೀಳಿ, ಒಂದೊಂದರಲ್ಲೂ ಎಷ್ಟು ಬಿಟ್ ಹಿಡಿಯುತ್ತದೋ ಅಷ್ಟನ್ನು ತುಂಬುತ್ತದೆ. ಎಕ್ಸ್‌ಚೇಂಜಿನ ಪಕ್ಕದ ಮನೆಗೆ 24 ಎಂಬಿಪಿಎಸ್ ಸಿಗಬಹುದು. ತಂತಿ ಉದ್ದವಾದಂತೆ ಸಂಕೇತ ಸೊರಗುತ್ತದೆ, ಮೇಲಿನ ಪಟ್ಟಿಗಳೇ ಮೊದಲು ಸಾಯುತ್ತವೆ. ನಾಲ್ಕೈದು ಕಿಲೋಮೀಟರ್ ದೂರದ ಮನೆಗೆ ಬರುವುದು ಒಂದೆರಡು ಎಂಬಿಪಿಎಸ್. ಇದು ಭೌತಶಾಸ್ತ್ರದ ಮಿತಿ. ಮಲೆನಾಡಿನ ಮಳೆಗಾಲದಲ್ಲಿ ಜಾಯಿಂಟಿಗೆ ನೀರಿಳಿದು, ಫೋನ್ ಎತ್ತಿದರೆ ಗರಗರ ಎನ್ನುವ ಲೈನಿಗೆ ಯಾವ ಸಾಫ್ಟ್‌ವೇರೂ ಮದ್ದಲ್ಲ. ಅಂಥ ಕಡೆ ತುಕ್ಕು ಹಿಡಿದ ಜಾಯಿಂಟನ್ನು ಬಿಗಿ ಮಾಡಿಸುವುದು, ಸ್ಪ್ಲಿಟರನ್ನು ಲೈನು ಮನೆಯೊಳಗೆ ಬರುವ ಜಾಗದಲ್ಲೇ ಕೂರಿಸುವುದು, ಅಲ್ಲಿಂದಾಚೆಗೆ ಎಳೆದ ಹಳೆಯ ಎಕ್ಸ್‌ಟೆನ್ಶನ್ ವೈರನ್ನು ಕಿತ್ತುಹಾಕುವುದು, ಈ ಮೂರು ಕೆಲಸ ಯಾವ ಫರ್ಮ್‌ವೇರಿಗಿಂತಲೂ ಹೆಚ್ಚು ವೇಗ ಕೊಡುತ್ತವೆ.

ಇದಕ್ಕೆ ಬಲ್ಲವರಿಂದ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಸತ್ಯಾಂಶವೂ ಇದೆ. ಲ್ಯಾಂಟಿಕ್ ಚಿಪ್ ಇರುವ ರೂಟರ್‌ಗಳಲ್ಲಿ ಓಪನ್‌ಡಬ್ಲ್ಯುಆರ್‌ಟಿ ಒಂದು ಸಣ್ಣ ತಿರುಪನ್ನು ಬಳಕೆದಾರರ ಕೈಗೆ ಕೊಡುತ್ತದೆ. ಗದ್ದಲಕ್ಕಿಂತ ಸಂಕೇತ ಎಷ್ಟು ಮೇಲಿರಬೇಕು ಎಂಬ ಕಾಯ್ದಿಟ್ಟ ಅಂತರ ಸಾಮಾನ್ಯವಾಗಿ 6 ಡೆಸಿಬೆಲ್. ಅದನ್ನು 3ಕ್ಕೆ ಇಳಿಸಿದರೆ ಪ್ರತಿ ಪಟ್ಟಿಯಲ್ಲೂ ಸುಮಾರು ಒಂದು ಬಿಟ್ ಹೆಚ್ಚು ಹಿಡಿಯುತ್ತದೆ. ಸೆಕೆಂಡಿಗೆ 4000 ಬಾರಿ ಕಳಿಸುವ ವ್ಯವಸ್ಥೆಯಲ್ಲಿ 250 ಪಟ್ಟಿಗಳು ಜೀವಂತವಾಗಿದ್ದರೆ ಅದು ಒಂದು ಎಂಬಿಪಿಎಸ್ ಲಾಭ. ಆದರೆ ಆ ಅಂತರ ಇದ್ದದ್ದೇ ಸಂಜೆ ಹೊತ್ತು ಪಕ್ಕದ ತಂತಿಗಳ ಗದ್ದಲ ಏರಿದಾಗ ಲೈನು ಕಡಿಯದಿರಲಿ ಎಂದು. ಶುದ್ಧವಾದ ಲೈನಿನಲ್ಲಿ ಇದು ಲಾಭ, ಹದಗೆಟ್ಟ ಲೈನಿನಲ್ಲಿ ದಿನಕ್ಕೆ ಹತ್ತು ಸಲ ಮರುಸಂಪರ್ಕದ ಕಾಟ. ವೇಗ ಬೇಕೆಂದು ಹಂಬಲಿಸುವವರು ಇರುವುದು ಬಹುಪಾಲು ಎರಡನೆಯ ಬಗೆಯ ಲೈನಿನಲ್ಲಿ ಎಂಬುದು ಇದರ ವ್ಯಂಗ್ಯ.

ಹಾಗಾದರೆ ನಿಜವಾದ ಪ್ರಯೋಜನ ಎಲ್ಲಿದೆ? ಮನೆಯ ಒಬ್ಬರ ಫೋನಿನಿಂದ 4 ಮೆಗಾಬೈಟಿನ ಫೋಟೋ ಮೇಲೆ ಹೋಗುತ್ತಿದೆ ಎಂದುಕೊಳ್ಳಿ, ಅಪ್‌ಲೋಡ್ 512 ಕೆಬಿಪಿಎಸ್. ಫೋಟೋ ಹೋಗಿ ಮುಗಿಯಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. ವೈ-ಫೈ ಮೂಲಕ ಫೋನು ರೂಟರಿಗೆ ಸುರಿಯುವ ವೇಗ ಇದರ ಹತ್ತಾರು ಪಟ್ಟು, ಆದ್ದರಿಂದ ಮಿಕ್ಕಿದ್ದೆಲ್ಲ ಮೋಡೆಮ್ಮಿನ ಬಫರಿನಲ್ಲಿ ಕೂಡುತ್ತದೆ. ಬಫರು 128 ಕಿಲೋಬೈಟಿನದಾದರೆ, ಅದು ತುಂಬಿದ ಮೇಲೆ ಬಂದ ಪ್ರತಿ ಪ್ಯಾಕೆಟ್ಟೂ ಎರಡು ಸೆಕೆಂಡ್ ಸಾಲಿನಲ್ಲಿ ನಿಲ್ಲಬೇಕು. ಇನ್ನೊಬ್ಬರು ಅದೇ ಹೊತ್ತಿಗೆ ದುಬೈಯಲ್ಲಿರುವ ಮಗನ ಜೊತೆ ಮಾತಾಡುತ್ತಿದ್ದರೆ ಅವರ ದನಿಯೂ ಆ ಸಾಲಿನಲ್ಲೇ. ದೂರವಾಣಿ ಮಾತಿಗೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗೆ ಇದ್ದರೆ ಹಿತ, 400 ದಾಟಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಇಲ್ಲಿರುವುದು 2000. ಡೌನ್‌ಲೋಡ್ ಕೂಡ ಇದರಿಂದ ಪಾರಾಗುವುದಿಲ್ಲ: ಕೆಳಗೆ ಬಂದ ದತ್ತಾಂಶಕ್ಕೆ ‘ತಲುಪಿತು’ ಎಂಬ ಪುಟ್ಟ ರಸೀದಿ ಮೇಲೆ ಹೋಗದೆ ಆಚೆಯವರು ಮುಂದಿನದನ್ನು ಕಳಿಸುವುದಿಲ್ಲ, ಆ ರಸೀದಿ ಫೋಟೋದ ಹಿಂದೆ ಸಿಕ್ಕಿಬಿದ್ದಿದೆ. ಹೀಗೆ ಒಂದು ಫೋಟೋ ಇಡೀ ಮನೆಯ ನೆಟ್ಟನ್ನು ನಿಲ್ಲಿಸುತ್ತದೆ.

ಜಿಮ್ ಗೆಟ್ಟಿಸ್ ಎಂಬ ತಂತ್ರಜ್ಞರು ಈ ಕಾಯಿಲೆಯನ್ನು 2010ರ ಸುಮಾರಿಗೆ ಗುರುತಿಸಿ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಮೆಮೊರಿ ಅಗ್ಗವಾದಂತೆ ತಯಾರಕರು ‘ಪ್ಯಾಕೆಟ್ ಕಳೆಯದಿರಲಿ’ ಎಂದು ಬಫರು ಹಿಗ್ಗಿಸುತ್ತಾ ಹೋದರು. ಪ್ಯಾಕೆಟ್ ಕಳೆದಾಗಲೇ ವೇಗ ತಗ್ಗಿಸಬೇಕೆಂದು ತಿಳಿಯುವ ಟಿಸಿಪಿಗೆ ಆ ಸೂಚನೆ ತಲುಪುವುದೇ ತಡವಾಯಿತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಪರಿಹಾರ ಪ್ರಕಟಿಸಿದರು. ಸಾಲು ಎಷ್ಟು ಉದ್ದವಿದೆ ಎಂದು ಅದು ಕೇಳುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ನಿಂತಿದೆ ಎಂದು ಕೇಳುತ್ತದೆ. ಆ ಹೊತ್ತು 5 ಮಿಲಿಸೆಕೆಂಡ್ ಮೀರಿ 100 ಮಿಲಿಸೆಕೆಂಡ್‌ವರೆಗೆ ಹಾಗೇ ಮುಂದುವರಿದರೆ ಒಂದು ಪ್ಯಾಕೆಟ್ಟನ್ನು ಬೇಕೆಂದೇ ಬೀಳಿಸುತ್ತದೆ. ಇದಕ್ಕೆ ಸರದಿಯ ನ್ಯಾಯವೂ ಸೇರಿ ಎಫ್‌ಕ್ಯೂ-ಕೋಡೆಲ್ ಆಯಿತು. ಘಾಟಿ ರಸ್ತೆಯ ಬುಡದಲ್ಲಿ ಲಾರಿಗಳ ಸಾಲು ನಿಂತಿರುವಾಗ ಬೈಕಿನವನನ್ನು ಎಲ್ಲರಿಗಿಂತ ಹಿಂದೆ ನಿಲ್ಲಿಸದೆ ಒಂದು ಲಾರಿ, ಒಂದು ಬೈಕು ಎಂದು ಬಿಟ್ಟ ಹಾಗೆ. ಲಾರಿಗೆ ಹೆಚ್ಚೇನೂ ನಷ್ಟವಿಲ್ಲ, ಬೈಕಿನವನ ಗಂಟೆ ಉಳಿಯಿತು. ಡೇವ್ ಟಾಟ್ ಮತ್ತು ಸಂಗಡಿಗರು ಇದನ್ನೆಲ್ಲ ಮನೆಯ ರೂಟರಿನಲ್ಲಿ ಪರೀಕ್ಷಿಸಿದ್ದು ಸೆರೋಡಬ್ಲ್ಯುಆರ್‌ಟಿ ಎಂಬ ಪ್ರಯೋಗದಲ್ಲಿ, ಅಲ್ಲಿಂದ ಅದು ಓಪನ್‌ಡಬ್ಲ್ಯುಆರ್‌ಟಿಗೆ ಬಂತು. ಇದೇ ಕುಟುಂಬದ ಕೇಕ್ ಎಂಬ ಇನ್ನೂ ಸುಲಭದ ವ್ಯವಸ್ಥೆ 2018ರಲ್ಲಿ ಲಿನಕ್ಸ್ 4.19ರಲ್ಲಿ ಸೇರಿತು. ಹಳೆಯ ರೂಟರಿನ ಕಂಪನಿ ಆ ಹೊತ್ತಿಗೆ ಆ ಮಾದರಿಯನ್ನೇ ಮರೆತಿತ್ತು.

‘ನಮ್ಮ ರೂಟರಿನಲ್ಲಿ ಕ್ಯೂಒಎಸ್ ಎಂಬ ಪುಟ ಮೊದಲೇ ಇದೆಯಲ್ಲ’ ಎನ್ನುವವರಿಗೆ ಉತ್ತರ ಹೇಳಬೇಕು. ಹಳೆಯ ಫರ್ಮ್‌ವೇರಿನ ಆ ಪುಟ ಪೋರ್ಟ್ ಸಂಖ್ಯೆ ನೋಡಿ ಆದ್ಯತೆ ಕೊಡುವಂಥದ್ದು. ಇವತ್ತು ವಿಡಿಯೊ, ಬ್ಯಾಂಕು, ಫೋಟೋ ಎಲ್ಲವೂ 443ನೇ ಪೋರ್ಟಿನಲ್ಲೇ ಹೋಗುತ್ತವೆ, ಯಾವುದಕ್ಕೆ ಆದ್ಯತೆ? ಮೇಲಾಗಿ, ರೂಟರು ಎಷ್ಟೇ ಚೆನ್ನಾಗಿ ಸರದಿ ನಿಲ್ಲಿಸಲಿ, ಅದರಾಚೆ ಇರುವ ಮೋಡೆಮ್ಮಿನ ಬಫರು ತುಂಬುವುದು ತಪ್ಪದಿದ್ದರೆ ಪ್ರಯೋಜನವಿಲ್ಲ. ಅದಕ್ಕೇ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಈ ಸರದಿ ನಿಭಾಯಿಸುವ ಎಸ್‌ಕ್ಯೂಎಂ ವ್ಯವಸ್ಥೆಯಲ್ಲಿ ತಂತಿಯ ವೇಗಕ್ಕಿಂತ ತುಸು ಕಡಿಮೆ ಮಿತಿ ಹಾಕುವುದು. ಸಾಲು ಆಗ ಮೋಡೆಮ್ಮಿನ ಬದಲು ಬುದ್ಧಿಯಿರುವ ಕಡೆ ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಈ ಮಿತಿಯ ವಿಚಾರದಲ್ಲೇ. ‘ಇರುವುದೇ ಅರ್ಧ ಎಂಬಿಪಿಎಸ್, ಅದರಲ್ಲೂ ಹತ್ತು ಪರ್ಸೆಂಟ್ ಬಿಟ್ಟುಕೊಡಬೇಕೆ’ ಎಂಬ ಸಂಕಟ ಸಹಜ. ಆದರೆ ತೆತ್ತ ಹತ್ತು ಪರ್ಸೆಂಟಿಗೆ ಎರಡು ಸೆಕೆಂಡಿನ ತಡ ಹತ್ತಾರು ಮಿಲಿಸೆಕೆಂಡಿಗೆ ಇಳಿಯುತ್ತದೆ. ಸೂಕ್ಷ್ಮ ಇರುವುದು ಎಡಿಎಸ್‌ಎಲ್ ಒಳಗಿನ ಎಟಿಎಂ ಎಂಬ ಹಳೆಯ ಪದ್ಧತಿಯಲ್ಲಿ. ಅದು ಪ್ರತಿ ಪ್ಯಾಕೆಟ್ಟನ್ನೂ 53 ಬೈಟಿನ ತುಣುಕುಗಳಾಗಿ ಕತ್ತರಿಸುತ್ತದೆ, ಪ್ರತಿ ತುಣುಕಿನಲ್ಲಿ ಸರಕು 48 ಬೈಟ್ ಮಾತ್ರ, ಕೊನೆಯ ತುಣುಕು ತುಂಬದಿದ್ದರೂ ಪೂರ್ತಿ ಬಾಡಿಗೆ. ನಮ್ಮಲ್ಲಿ ಸಾಮಾನ್ಯವಾದ ಪಿಪಿಪಿಒಇ ಸಂಪರ್ಕದಲ್ಲಿ ಪ್ಯಾಕೆಟ್ಟಿಗೆ ಇನ್ನೊಂದು 40 ಬೈಟಿನ ಹೊದಿಕೆ ಸೇರುತ್ತದೆ. ಹೀಗಾಗಿ 1492 ಬೈಟಿನ ದೊಡ್ಡ ಪ್ಯಾಕೆಟ್ ತಂತಿಯ ಮೇಲೆ 32 ತುಣುಕು, ಅಂದರೆ 1696 ಬೈಟ್. ಮೋಡೆಮ್ 8 ಎಂಬಿಪಿಎಸ್ ಸಿಂಕ್ ತೋರಿಸಿದರೂ ಸ್ಪೀಡ್ ಟೆಸ್ಟ್ 7ರ ಆಸುಪಾಸಿನಲ್ಲೇ ನಿಲ್ಲುವುದಕ್ಕೆ ಇದೇ ಕಾರಣ, ಕಂಪನಿಯ ಕಳ್ಳತನವಲ್ಲ. 40 ಬೈಟಿನ ರಸೀದಿಗೋ ಎರಡು ತುಣುಕು, 106 ಬೈಟ್. ಈ ಲೆಕ್ಕ ತಿಳಿಯದ ಮಿತಿಗಾರ ರಸೀದಿಯನ್ನು 40 ಎಂದೇ ಎಣಿಸಿ ಮೋಸಹೋಗುತ್ತಾನೆ. ಸಣ್ಣ ಪ್ಯಾಕೆಟ್ಟುಗಳು ಹೆಚ್ಚಾದ ಕೂಡಲೇ ಬಫರು ಮತ್ತೆ ತುಂಬುತ್ತದೆ. ಕೇಕ್‌ನಲ್ಲಿ ಲಿಂಕ್ ಬಗೆ ಎಟಿಎಂ ಎಂದೂ ಹೊದಿಕೆ 44 ಬೈಟ್ ಎಂದೂ ಬರೆದರೆ, ನಾಲ್ಕು ಬೈಟಿನ ಸುರಕ್ಷತೆಯೂ ಸೇರಿ, ಅದು ತುಣುಕು ಎಣಿಸಿಯೇ ಲೆಕ್ಕ ಹಾಕುತ್ತದೆ. 512 ಕೆಬಿಪಿಎಸ್‌ನಲ್ಲಿ ಒಂದು ದೊಡ್ಡ ಪ್ಯಾಕೆಟ್ ಹೊರಡಲೇ 20 ಮಿಲಿಸೆಕೆಂಡಿಗೂ ಹೆಚ್ಚು ಬೇಕಾದ್ದರಿಂದ 5 ಮಿಲಿಸೆಕೆಂಡಿನ ಗುರಿ ಅಲ್ಲಿ ಅಸಾಧ್ಯ. ಕೇಕ್ ಅದನ್ನೂ ತಾನೇ ಸಡಿಲಿಸಿಕೊಳ್ಳುತ್ತದೆ. ‘ಎಸ್‌ಕ್ಯೂಎಂ ಹಾಕಿದೆ, ಏನೂ ಆಗಲಿಲ್ಲ’ ಎನ್ನುವವರು ಮೊದಲು ನೋಡಬೇಕಾದ್ದು ಈ ಒಂದು ಸಾಲನ್ನು.

ಸಾಬೀತು ಬೇಕಾದವರಿಗೆ ಪರೀಕ್ಷೆ ಸುಲಭ. ಕಂಪ್ಯೂಟರಿನಲ್ಲಿ ಒಂದು ಕಿಟಕಿಯಲ್ಲಿ ಪಿಂಗ್ ಓಡುತ್ತಿರಲಿ, ಇನ್ನೊಂದರಲ್ಲಿ ದೊಡ್ಡ ಕಡತವೊಂದನ್ನು ಮೇಲೆ ಕಳಿಸಿ. ಬಿಡುವಿನಲ್ಲಿ 30 ಇದ್ದ ಅಂಕಿ ನೂರು, ಐನೂರು, ಸಾವಿರ ದಾಟುತ್ತಾ ಹೋದರೆ ಕಾಯಿಲೆ ಇದೆ. ಬಿಡುವಿನ ಪಿಂಗನ್ನಷ್ಟೇ ತೋರಿಸುವ ಸ್ಪೀಡ್ ಟೆಸ್ಟಿಗೆ ಇದು ಕಾಣುವುದೇ ಇಲ್ಲ. ಡಿಎನ್‌ಎಸ್ ವಿಳಾಸವನ್ನು 8.8.8.8 ಎಂದು ಬದಲಿಸಿದರೂ ಇದು ವಾಸಿಯಾಗದು. ಅದರಿಂದ ಹೆಸರು ಹುಡುಕುವ ಹೊತ್ತು ಉಳಿಯಬಹುದು, ಅಷ್ಟೆ.

ವೈ-ಫೈ ಬಗ್ಗೆ ಇನ್ನೊಂದು ಜನಪ್ರಿಯ ನಂಬಿಕೆ, ಮುಕ್ತ ಫರ್ಮ್‌ವೇರಿನಲ್ಲಿ ಪ್ರಸಾರ ಶಕ್ತಿ ಏರಿಸಿದರೆ ಹಿತ್ತಿಲವರೆಗೂ ಸಿಗ್ನಲ್ ಎಂಬುದು. ರೂಟರು ಜೋರಾಗಿ ಕೂಗಿದರೂ ಫೋನಿನ ಪಿಸುಮಾತು ಜೋರಾಗುವುದಿಲ್ಲ, ಮಾತುಕತೆಗೆ ಎರಡೂ ಕಡೆ ಕೇಳಿಸಬೇಕು. ಕಾನೂನಿನ ಮಿತಿಯೂ ಇದೆ. ಇಲ್ಲಿಯೂ ನಿಜವಾದ ಲಾಭ ಸರದಿಯಲ್ಲೇ ಇದೆ: ದೂರದ ಕೋಣೆಯ ನಿಧಾನದ ಫೋನು ಗಾಳಿಯ ಸಮಯವನ್ನೆಲ್ಲ ತಾನೇ ನುಂಗದಂತೆ ಎಲ್ಲರಿಗೂ ಸಮಪಾಲು ಹಂಚುವ ಕೆಲಸ ಅಥೆರೋಸ್ ಚಿಪ್ಪಿನ ಎಥ್9ಕೆ ಚಾಲಕದಲ್ಲಿ 2017ರ ಹೊತ್ತಿಗೆ ಬಂತು. ಹಳೆಯ ರೂಟರುಗಳಲ್ಲಿ ಹಲವು ಇದೇ ಚಿಪ್ಪಿನವು.

ಇನ್ನು ‘ಯಾವ ಹಳೆಯ ರೂಟರಿಗೂ ಹಾಕಬಹುದು’ ಎಂಬುದು. ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿಯ ಮೂಲ ಸಂಕೇತವನ್ನು 2003ರಲ್ಲಿ ಬಿಡುಗಡೆ ಮಾಡಬೇಕಾಗಿ ಬಂದಾಗಿನಿಂದ ಈ ಚಳವಳಿಯೇನೋ ಬೆಳೆಯಿತು, ಆದರೆ ಡಿಎಸ್‌ಎಲ್ ಮೋಡೆಮ್ಮಿನ ಚಾಲಕಗಳಲ್ಲಿ ಬಹುಪಾಲು ಇಂದಿಗೂ ಮುಚ್ಚಿದ ಪೆಟ್ಟಿಗೆ. ಟಿಪಿ-ಲಿಂಕ್ ಟಿಡಿ-ಡಬ್ಲ್ಯು8970ರ ಮೊದಲ ಆವೃತ್ತಿ, ಬ್ರಿಟನ್ನಿನ ಬಿಟಿ ಹೋಮ್ ಹಬ್ 5ಎ ಮುಂತಾದ ಲ್ಯಾಂಟಿಕ್ ಪೆಟ್ಟಿಗೆಗಳಲ್ಲಿ ಮೋಡೆಮ್ ಸಮೇತ ಎಲ್ಲ ನಡೆಯುತ್ತದೆ. ಬ್ರಾಡ್‌ಕಾಮ್ ಅಥವಾ ಟ್ರೆಂಡ್‌ಚಿಪ್ ಇರುವ ಪೆಟ್ಟಿಗೆಗಳಲ್ಲಿ ಓಪನ್‌ಡಬ್ಲ್ಯುಆರ್‌ಟಿಗೆ ಡಿಎಸ್‌ಎಲ್ ಭಾಗ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ನಮ್ಮ ಮನೆಗಳಿಗೆ ಬಂದವುಗಳಲ್ಲಿ ಇಂಥವೇ ಸಾಕಷ್ಟು. ಪೆಟ್ಟಿಗೆಯ ಹೆಸರು ಒಂದೇ ಆದರೂ ತಳದಲ್ಲಿ ಅಂಟಿಸಿದ ಆವೃತ್ತಿ ಸಂಖ್ಯೆ ಬೇರೆಯಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು, ಅದನ್ನು ನೋಡದೆ ಹಾಕಿದರೆ ರೂಟರು ಇಟ್ಟಿಗೆಯಾಗುತ್ತದೆ. 4 ಮೆಗಾಬೈಟ್ ಫ್ಲಾಶ್, 32 ಮೆಗಾಬೈಟ್ ರ್‍ಯಾಮ್ ಇರುವ ಪೆಟ್ಟಿಗೆಗಳಿಗೆ 19.07ರ ಆಚೆ ಅಧಿಕೃತ ಆವೃತ್ತಿಯೇ ಇಲ್ಲ. ಇಂಥ ಮೋಡೆಮ್ ಇರುವವರಿಗೆ ದಾರಿ ಬೇರೆ: ಅದನ್ನು ಬ್ರಿಡ್ಜ್ ಮೋಡಿಗೆ ಹಾಕಿ, ಅದರ ಹಿಂದೆ ಓಪನ್‌ಡಬ್ಲ್ಯುಆರ್‌ಟಿ ನಡೆಯುವ ಒಂದು ಸಾಧಾರಣ ಈಥರ್ನೆಟ್ ರೂಟರ್ ಇಟ್ಟು ಪಿಪಿಪಿಒಇ ಲಾಗಿನ್ನನ್ನು ಅದಕ್ಕೆ ವಹಿಸುವುದು. ಎಟಿಎಂ ಲೆಕ್ಕವನ್ನು ಆಗಲೂ ಮರೆಯುವಂತಿಲ್ಲ, ತಂತಿ ಅದೇ ತಾನೆ.

ಮುಕ್ತ ಫರ್ಮ್‌ವೇರ್ ಹಾಕಿದರೆ ಭದ್ರತೆ ತಾನಾಗಿ ಬರುತ್ತದೆ ಎಂಬುದೂ ಅರ್ಧ ಸತ್ಯ. 2014ರ ಡಿಸೆಂಬರಿನಲ್ಲಿ ಬಯಲಾದ ‘ಮಿಸ್‌ಫಾರ್ಚೂನ್ ಕುಕಿ’ ದೋಷ ಜಗತ್ತಿನ ಸುಮಾರು 1.2 ಕೋಟಿ ಮನೆ ರೂಟರುಗಳಲ್ಲಿತ್ತು, ಕಂಪನಿಗಳು ಕೈಬಿಟ್ಟ ಮಾದರಿಗಳಿಗೆ ತೇಪೆ ಬರಲೇ ಇಲ್ಲ. ಅಲ್ಲಿ ಮುಕ್ತ ಫರ್ಮ್‌ವೇರ್ ನಿಜಕ್ಕೂ ಮೇಲು. ಆದರೆ 2017ರ ಜುಲೈಯಲ್ಲಿ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮ್ಮುಗಳು ಸಾಲುಸಾಲಾಗಿ ಕೆಟ್ಟಾಗ ಮಾಲ್‌ವೇರ್ ಒಳನುಗ್ಗಿದ್ದು ಯಾರೂ ಬದಲಿಸದೆ ಬಿಟ್ಟ ಅಡ್ಮಿನ್-ಅಡ್ಮಿನ್ ಪಾಸ್‌ವರ್ಡಿನಿಂದ. ಅದಕ್ಕೆ ಹೊಸ ಫರ್ಮ್‌ವೇರೇ ಬೇಕಿರಲಿಲ್ಲ.

ಮನೆಬಾಗಿಲಿಗೆ ಫೈಬರ್ ಬಂದಿದ್ದರೆ ಇದೆಲ್ಲ ಯಾಕೆ ಎಂಬ ಕೊನೆಯ ಪ್ರಶ್ನೆ ನ್ಯಾಯವಾದದ್ದು. ಫೈಬರ್ ಸಿಗುವವರು ತಾಮ್ರ ಬಿಡುವುದೇ ಸರಿ. ಆಗ ಹಳೆಯ ಪೆಟ್ಟಿಗೆಯನ್ನು ಮುಖ್ಯ ರೂಟರಾಗಿ ಮುಂದುವರಿಸುವ ಆಸೆ ಬೇಡ, 500 ಮೆಗಾಹರ್ಟ್ಸಿನ ಪ್ರೊಸೆಸರಿಗೆ ಎಡಿಎಸ್‌ಎಲ್ ವೇಗದಲ್ಲಿ ಕೇಕ್ ಹಗುರ, ನೂರು ಎಂಬಿಪಿಎಸ್‌ನಲ್ಲಿ ಹೊರಲಾಗದ ಹೊರೆ. ಡಿಎಚ್‌ಸಿಪಿ ಆಫ್ ಮಾಡಿ, ಲ್ಯಾನ್ ಕೇಬಲ್ ಎಳೆದು, ಹಿಂದಿನ ಕೋಣೆಯಲ್ಲಿ ಅದನ್ನು ಬರೀ ವೈ-ಫೈ ಆಕ್ಸೆಸ್ ಪಾಯಿಂಟ್ ಆಗಿ ಇಟ್ಟುಕೊಳ್ಳಬಹುದು. ಫೈಬರ್ ಇನ್ನೂ ತಲುಪದ ಊರಿನ, ಎಕ್ಸ್‌ಚೇಂಜಿನಿಂದ ಮೂರು ಕಿಲೋಮೀಟರ್ ದೂರದ ಮನೆಯಲ್ಲಿ ಮಾತ್ರ ಆ ಮಿತಿಯ ಪುಟ ತೆರೆದು, ಎಟಿಎಂ ಮತ್ತು 44 ಎಂದು ತುಂಬಿ, ಪಿಂಗ್ ಕಿಟಕಿಯನ್ನು ಮತ್ತೊಮ್ಮೆ ನೋಡುವುದಕ್ಕೆ ಅರ್ಧ ಗಂಟೆ ಕೊಡುವುದು ದಂಡವಾಗದು.